ಮೊದಲು ಕುಳಿತವಳು

ಸೋಮಮ್ಮ ಹಾಲಿನ ಕ್ಯಾನನ್ನು ಡೇರಿಯ ಕಟ್ಟೆಯ ಮೇಲೆ ಇಳಿಸುತ್ತಿದ್ದಂತೆ ಕಾರ್ಯದರ್ಶಿ ಮರಿಸ್ವಾಮಿ ಅಳತೆ ಮಾಡುವುದನ್ನು ಬಿಟ್ಟು ಎದ್ದು ಬಂದ. ಅವನ ಕೈಯಲ್ಲಿ ಫೋನಿತ್ತು.

"ಅಲ್ಲ ಸೋಮಕ್ಕ, ನೀನಿಲ್ಲೇ ಇದ್ದೀಯಾ? ನಿನ್ನೂ ತುಂಬ್ಕೊಂಡೋಗವ್ರೆ ಅಂದ್ಕಂಡಿದ್ದೆ."

"ಯಾರು? ಎಲ್ಲಿಗೆ?"

"ಪೊಲೀಸ್ನೋರು ಕಣಕ್ಕ. ಈಗಿನ್ನೂ ವ್ಯಾನು ಓಯ್ತು. ನೋಡಿಲ್ಲಿ, ನಿನ್ನ ವಾರಗಿತ್ತಿನ ಎಂಗೆ ಎತ್ತಾಕ್ತಾವ್ರೆ."

ಫೋನಿನಲ್ಲಿ ಬೋರೆಗುಡ್ಡದ ಕೆಳಗಿನ ಮಣ್ಣುದಾರಿ ಕಾಣಿಸಿತು. ದಾರಿಗೆ ಅಡ್ಡಲಾಗಿ ಹಾಸಿದ ಜಮಖಾನ, ಅದರ ಮೇಲೆ ಊರಿನ ಹೆಂಗಸರು. ನಾಲ್ವರು ಮಹಿಳಾ ಪೊಲೀಸರು ರಮ್ಯಳ ಕೈಕಾಲು ಹಿಡಿದು ಎತ್ತಿಕೊಂಡು ಹೋಗುತ್ತಿದ್ದರು. ಅವಳು ಒದ್ದಾಡುತ್ತಿರಲಿಲ್ಲ. ಜಡೆ ಮಣ್ಣಿಗೆ ಉಜ್ಜುತ್ತಿದ್ದರೂ ತಲೆ ಎತ್ತಿ "ಬೋರೆ ಉಳಿಸಿ, ಊರು ಉಳಿಸಿ" ಎಂದು ಕೂಗುತ್ತಲೇ ಇದ್ದಳು. ಉಳಿದವರು ತಾವೇ ನಡೆದು ವ್ಯಾನು ಹತ್ತಿದರು. ಪಾರ್ವತಮ್ಮ ಕಿಟಕಿಯ ಸರಳಿನ ಸಂದಿಯಿಂದ ಕೈ ಬೀಸಿದಳು, ಮದುವೆ ದಿಬ್ಬಣಕ್ಕೆ ಹೊರಟವಳ ಹಾಗೆ.

ಸೋಮಮ್ಮ ಅದನ್ನು ಮತ್ತೆ ಹಾಕಿಸಿ ನೋಡಿದಳು. ಎರಡನೆಯ ಸಲ ಅವಳ ಕಣ್ಣು ರಮ್ಯಳ ಮೇಲಿರಲಿಲ್ಲ. ರಮ್ಯ ಕುಳಿತಿದ್ದ ಜಾಗದ ಪಕ್ಕದಲ್ಲಿ ಜಮಖಾನದ ಒಂದು ಮೂಲೆ ಖಾಲಿ ಇತ್ತು. ಅಲ್ಲೇ ಸ್ವಲ್ಪ ಹೊತ್ತಿನ ಹಿಂದೆ ಸೋಮಮ್ಮ ಕುಳಿತಿದ್ದಳು. ಅವಳನ್ನು ಎಬ್ಬಿಸಿ ಕಳಿಸಿದ್ದು ರಮ್ಯಳೇ. "ಅಕ್ಕ, ಹಸು ಕೂಗ್ತಾ ಇರುತ್ತೆ. ನೀವು ಹೋಗಿ ಹಾಲು ಹಾಕಿ ಬನ್ನಿ, ನಾವಿರ್ತೀವಿ" ಎಂದಿದ್ದಳು.

ಆಗ ಅದು ಅಕ್ಕರೆಯ ಮಾತಿನಂತೆ ಕೇಳಿಸಿತ್ತು. ಈಗ ಹಾಗೆ ಅನ್ನಿಸಲಿಲ್ಲ. ಮಧ್ಯಾಹ್ನ ಮಂತ್ರಿಗಳು ಅದೇ ದಾರಿಯಲ್ಲಿ ಹೊಸ ರಸ್ತೆಯ ಗುದ್ದಲಿ ಪೂಜೆಗೆ ಬರುವವರಿದ್ದರು. ಪೊಲೀಸರು ಬಂದೇ ಬರುತ್ತಾರೆಂದು ರಮ್ಯಳಿಗೆ ಗೊತ್ತಿರಲಿಲ್ಲವೇ? ಗೊತ್ತಿದ್ದೇ ಕಳಿಸಿದಳೇ?

"ಪಾಪ, ಓದಿರೋ ಹುಡುಗಿ. ಗುಂಡಿಗೆ ಅಂದ್ರೆ ಗುಂಡಿಗೆ ಕಣಕ್ಕ" ಎಂದ ಮರಿಸ್ವಾಮಿ.

"ಹಾಲು ಅಳೆ" ಎಂದಳು ಸೋಮಮ್ಮ.

ಬೋರೆಕೊಪ್ಪಲಿನಲ್ಲಿ ಟಿಪ್ಪರುಗಳಿಗೆ ಅಡ್ಡ ಕೂರುವುದನ್ನು ಶುರು ಮಾಡಿದ್ದು ಸೋಮಮ್ಮ. ಎರಡು ವರ್ಷದ ಹಿಂದೆ ಬೋರೆಯಲ್ಲಿ ಕ್ವಾರಿಯವರು ಬಂಡೆ ಸಿಡಿಸಿದ ಒಂದು ಸಂಜೆ ಅವಳ ಬಚ್ಚಲುಮನೆಯ ಗೋಡೆ ಕುಸಿಯಿತು. ಮಗಳು ಸ್ನೇಹ ಆಗತಾನೆ ಮಿಂದು ಹೊರಗೆ ಬಂದಿದ್ದಳು. ಮಾರನೆಯ ಬೆಳಿಗ್ಗೆ ಸೋಮಮ್ಮ ಯಾರಿಗೂ ಹೇಳದೆ ಹೋಗಿ ಜೆಲ್ಲಿ ತುಂಬಿದ ಟಿಪ್ಪರಿನ ಮುಂದೆ ಕುಳಿತಳು. ಡ್ರೈವರು ಬಾಯಿಗೆ ಬಂದಂತೆ ಬೈದ. ಇಂಜಿನ್ನನ್ನು ಗುರ್ರೆನ್ನಿಸಿ ಅವಳ ಮೊಣಕಾಲಿನವರೆಗೂ ತಂದು ನಿಲ್ಲಿಸಿದ. ಅವಳು ಕಣ್ಣು ಮುಚ್ಚಿಕೊಂಡಳೇ ಹೊರತು ಏಳಲಿಲ್ಲ. ಕೊನೆಗೆ ಗಂಡ ಚಲುವರಾಜು ಬಂದು ರಟ್ಟೆ ಹಿಡಿದು ಎಬ್ಬಿಸಿದ. "ಮಾನ ಮರ್ಯಾದೆ ಐತೇನಮ್ಮಿ ನಿಂಗೆ? ಲಾರಿ ಮುಂದೆ ಕುಂತ್ಕಳಾಳು ಎಂಥೋಳು ಅಂತಾರೆ ಜನ" ಎಂದು ದಾರಿಯುದ್ದಕ್ಕೂ ಬೈದ. ಮರುದಿನ ಅವಳು ಮತ್ತೆ ಹೋದಳು. ಆಮೇಲೆ ಪಾರ್ವತಮ್ಮ ಜೊತೆಗೆ ಬಂದಳು. ಆಮೇಲೆ ಇನ್ನಷ್ಟು ಜನ.

ಆ ಯಾವ ದಿನವನ್ನೂ ಯಾರೂ ಫೋನಿನಲ್ಲಿ ಹಿಡಿಯಲಿಲ್ಲ.

ರಮ್ಯ ಮೈದುನ ಧರ್ಮೇಂದ್ರನ ಕೈ ಹಿಡಿದು ಬಂದದ್ದು ಅದಾದ ಮೇಲೆ. ನಾಗಮಂಗಲದ ಕಡೆಯವಳು, ಬಿ.ಎಡ್. ಮಾಡಿದವಳು, ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕಿ. ಬಂದ ಹೊಸದರಲ್ಲೇ ಸೋಮಮ್ಮನ ಪಕ್ಕದಲ್ಲಿ ಬಂದು ಕುಳಿತಳು. ಅರ್ಜಿ ಬರೆದಳು, ತಾಲ್ಲೂಕು ಕಚೇರಿಗೆ ಅಲೆದಳು, ಪೇಪರಿನವರನ್ನು ಕರೆಸಿದಳು. ಮೈಕು ಕೊಟ್ಟರೆ ನಡುಗದೆ ಮಾತಾಡಿದಳು. ಮೊದಮೊದಲು ಮಾತು ಶುರು ಮಾಡುವಾಗ "ನಮ್ಮಕ್ಕ ಸೋಮಮ್ಮನವರು ಒಬ್ಬರೇ ಕೂತಿದ್ದ ಜಾಗ ಇದು" ಎನ್ನುತ್ತಿದ್ದಳು. ಬರುಬರುತ್ತಾ ಹೇಳಬೇಕಾದ್ದು ಹೆಚ್ಚಾಗಿ ಆ ಸಾಲು ಬಿಟ್ಟುಹೋಯಿತು. ಪೇಪರಿನಲ್ಲಿ ಬಂದ ಚಿತ್ರದಲ್ಲಿ ರಮ್ಯ ಎದುರಿಗಿದ್ದಳು. ಸೋಮಮ್ಮನ ಅರ್ಧ ಮುಖ ಯಾರದೋ ಮುಷ್ಟಿಯ ಹಿಂದೆ ಮರೆಯಾಗಿತ್ತು.

ರಮ್ಯ ಕೆಟ್ಟವಳಾಗಿದ್ದರೆ ಸೋಮಮ್ಮನಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ. ಅವಳು ಮುಸುರೆ ತಿಕ್ಕುತ್ತಿದ್ದಳು, ಸೋಮಮ್ಮನಿಗೆ ಜ್ವರ ಬಂದರೆ ರಾತ್ರಿಯೆಲ್ಲ ಎದ್ದು ಕೂರುತ್ತಿದ್ದಳು, ಸಂಬಳ ಬಂದರೆ ಇಬ್ಬರಿಗೂ ಒಂದೇ ಬಗೆಯ ಸೀರೆ ತರುತ್ತಿದ್ದಳು. ಅವಳ ಮೇಲೆ ಹೊಟ್ಟೆಕಿಚ್ಚು ಪಡಲು ಒಂದು ಒಳ್ಳೆಯ ಕಾರಣವೂ ಸಿಗುತ್ತಿರಲಿಲ್ಲ. ಕಾರಣವಿಲ್ಲದ್ದಕ್ಕೋ ಏನೋ ಅದು ಒಳಗೊಳಗೇ ಇನ್ನೂ ಹೆಚ್ಚು ಸುಡುತ್ತಿತ್ತು.

ಮನೆಗೆ ಬಂದರೆ ಚಲುವರಾಜು ಜಗುಲಿಯಲ್ಲಿ ಕುಳಿತು ಅದೇ ವಿಡಿಯೋ ನೋಡುತ್ತಿದ್ದ. ಬೀದಿಯ ಇಬ್ಬರು ಅವನ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದರು.

"ನಮ್ಮನೆ ಹೆಣ್ಮಗಳು ಕಣ್ಲಾ" ಎನ್ನುತ್ತಿದ್ದ ಅವನು. "ನಾಕ್ ಜನ ಬೇಕಾಯ್ತು ನೋಡ್ಲಾ ಎತ್ತಾಕೆ."

ಸೋಮಮ್ಮ ಅವನ ಮುಖವನ್ನೇ ನೋಡಿದಳು. ಅದೇ ಬಾಯಿ ಅಂದು ಮಾನ ಮರ್ಯಾದೆಯ ಮಾತಾಡಿತ್ತು. ಅವಳು ಖಾಲಿ ಕ್ಯಾನನ್ನು ಮೂಲೆಗೆ ಕುಕ್ಕಿ ಒಳಗೆ ಹೋದಳು. ಒಳಗೆ ಸ್ನೇಹ ಗೋಡೆಗೆ ಒರಗಿ ನಿಂತು ಫೋನಿನಲ್ಲಿ ಏನೋ ಒತ್ತುತ್ತಿದ್ದಳು. "ಅಮ್ಮ, ಚಿಕ್ಕಮ್ಮನ ಸ್ಟೇಟಸ್ ಹಾಕ್ದೆ. ನಮ್ಮ ಮಿಸ್ಸೆಲ್ಲ ನೋಡಿದ್ರು" ಎಂದಳು. ಅವಳ ಕಣ್ಣು ಹೊಳೆಯುತ್ತಿದ್ದವು. ಆ ಹೊಳಪು ತನ್ನಿಂದಾಗಿ ಅವಳ ಕಣ್ಣಿಗೆ ಬಂದದ್ದನ್ನು ಸೋಮಮ್ಮ ಎಂದೂ ಕಂಡಿರಲಿಲ್ಲ.

"ಸೊಪ್ಪು ಸೋಸು ಬಾ" ಎಂದಳು. "ವ್ಯಾನ್ ಅತ್ತಿರೋರಿಗೆ ಊಟ ಬೇಡ್ವಾ?"

ಎಲ್ಲರಿಗೂ ಆಗುವಷ್ಟು ಅನ್ನ ಮಾಡಿದಳು, ಸೊಪ್ಪಿನ ಉಪ್ಪೆಸರು ಕಾಯಿಸಿದಳು. ಮೆಣಸಿನಕಾಯಿ ಅರೆಯುವಾಗ ಕಣ್ಣಲ್ಲಿ ನೀರು ಬಂತು. ಜೈಲಿಗೆ ಹೋಗುವವರು ಬೇರೆ, ಅವರಿಗೆ ಬುತ್ತಿ ಕಟ್ಟುವವರು ಬೇರೆ ಎಂದು ಯಾರು ಯಾವಾಗ ತೀರ್ಮಾನ ಮಾಡಿದರೋ ಅವಳಿಗೆ ತಿಳಿಯಲಿಲ್ಲ.

ಗಂಡನ ಬೈಕಿನ ಹಿಂದೆ ಪಾತ್ರೆಗಳನ್ನು ತೊಡೆಯ ಮೇಲಿಟ್ಟುಕೊಂಡು ಚಿನಕುರಳಿ ದಾಟಿ ಪಟ್ಟಣಕ್ಕೆ ಬಂದಾಗ ಬಿಸಿಲು ನೆತ್ತಿಗೇರಿತ್ತು. ಹೆಂಗಸರನ್ನು ಠಾಣೆಯಲ್ಲಿ ಇಟ್ಟಿರಲಿಲ್ಲ. ಹತ್ತಿರದ ಸಮುದಾಯ ಭವನದಲ್ಲಿ ಜಮಖಾನ ಹಾಸಿ ಕೂರಿಸಿ ಬಾಗಿಲಲ್ಲಿ ಇಬ್ಬರು ಮಹಿಳಾ ಕಾನ್‌ಸ್ಟೇಬಲ್‌ಗಳನ್ನು ನಿಲ್ಲಿಸಿದ್ದರು. ಒಳಗೆ ಅಳುವೋ ಭಯವೋ ಇರಬಹುದೆಂದುಕೊಂಡು ಹೋದ ಸೋಮಮ್ಮನಿಗೆ ಕೇಳಿಸಿದ್ದು ನಗು.

"ಬಾ ಸೋಮಕ್ಕ, ಬಾ. ವ್ಯಾನ್ನಾಗೆ ನೀನಿರ್ಬೇಕಿತ್ತು ಕಣೆ" ಎಂದಳು ಪಾರ್ವತಮ್ಮ. "ಆ ದಪ್ಪ ಪೊಲೀಸಮ್ಮ ಇದ್ದಾಳಲ್ಲ, ನಮ್ಮ ರಮ್ಯ ಅವಳ್ನೇ ಕೇಳೋದಾ, ನಿಮ್ಮನೆ ಗೋಡೆ ಬಿರುಕ್ ಬುಟ್ಟೈತಾ ಅಂತ. ಅವ್ಳು ಊಂ ಕಣಮ್ಮ, ನಮ್ಮೂರಲ್ಲೂ ಕ್ವಾರಿ ಐತೆ ಅಂದ್ಬುಟ್ಳು."

ಮತ್ತೆ ಎಲ್ಲರೂ ನಕ್ಕರು. ಒಬ್ಬಳು ಹೇಳಿದ್ದನ್ನು ಇನ್ನೊಬ್ಬಳು ತಿದ್ದುತ್ತಿದ್ದಳು. ಯಾರು ಯಾರ ತೊಡೆಯ ಮೇಲೆ ಬಿದ್ದರು, ತಿರುವಿನಲ್ಲಿ ಯಾರು ಕಿರುಚಿದರು, ಯಾರ ಚಪ್ಪಲಿ ಊರಲ್ಲೇ ಉಳಿಯಿತು. ಸೋಮಮ್ಮ ಅನ್ನ ಬಡಿಸುತ್ತಾ ನಗಲು ನೋಡಿದಳು. ತುಟಿ ಬಿರಿಯಿತು, ನಗು ಬರಲಿಲ್ಲ. ಎರಡು ವರ್ಷ ಅವರೊಂದಿಗೆ ಒಂದೇ ಜಮಖಾನದಲ್ಲಿ ಕುಳಿತವಳು ಈ ಒಂದು ಬೆಳಗ್ಗಿನಿಂದಾಗಿ ಹೊರಗಿನವಳಾಗಿದ್ದಳು.

ರಮ್ಯ ತಟ್ಟೆ ಹಿಡಿದು ಅವಳ ಪಕ್ಕಕ್ಕೆ ಸರಿದಳು. "ಅಕ್ಕ, ನೀವು ಹೋಗಿದ್ದೇ ಒಳ್ಳೇದಾಯ್ತು ಅಂದ್ಕೊಂಡೆ. ನಿಮ್ಮ ಮಂಡಿ ನೋವಿಗೆ ಆ ವ್ಯಾನಿನ ಮೆಟ್ಟಿಲು..."

"ನನ್ನ ಮಂಡಿ ಇಚಾರ ನಿಂಗ್ಯಾಕೆ?" ಎಂದಳು ಸೋಮಮ್ಮ.

ಊಟವಾದ ಮೇಲೆ ಗಂಡಸರು ಒಬ್ಬೊಬ್ಬರಾಗಿ ಬರತೊಡಗಿದರು. ಸಬ್ ಇನ್‌ಸ್ಪೆಕ್ಟರು ಭವನದ ವರಾಂಡದಲ್ಲಿ ಮೇಜು ಹಾಕಿಸಿಕೊಂಡು ಕುಳಿತಿದ್ದರು. ಇನ್ನು ಮುಂದೆ ಹೀಗೆ ಕೂರುವುದಿಲ್ಲ ಎಂದು ಮುಚ್ಚಳಿಕೆಗೆ ಸಹಿ ಹಾಕಿದರೆ ಮನೆಗೆ ಕಳಿಸುವುದು ಎಂದಾಗಿತ್ತು. ಗಂಡಂದಿರು ಸಹಿ ಹಾಕಿದರು, ಹೆಂಡಂದಿರಿಂದ ಹಾಕಿಸಿದರು. ನಗು ಕಡಿಮೆಯಾಯಿತು. ಹೋಗುವವರು ಉಳಿದವರ ಮುಖ ನೋಡದೆ ಸೆರಗು ಹೊದ್ದು ಹೋದರು. ಹೊತ್ತು ಇಳಿಯುವಾಗ ಜಮಖಾನದ ಮೇಲೆ ಉಳಿದವರು ಇಬ್ಬರೇ. ಪಾರ್ವತಮ್ಮನ ಗಂಡ ತೀರಿಹೋಗಿದ್ದ, ಅವಳ ಪರವಾಗಿ ಬರುವವರಿರಲಿಲ್ಲ. ರಮ್ಯ ಬರೆದುಕೊಡಲಾರೆ ಎಂದಿದ್ದಳು.

ಧರ್ಮೇಂದ್ರ ಡ್ಯೂಟಿಯಿಂದ ಅಣ್ಣನಿಗೆ ಮೇಲಿಂದ ಮೇಲೆ ಫೋನು ಮಾಡುತ್ತಿದ್ದ. ಅವನು ಸರ್ಕಾರಿ ಬಸ್ಸಿನ ಕಂಡಕ್ಟರು, ಬಸ್ಸು ಬಿಟ್ಟು ಬರುವ ಹಾಗಿರಲಿಲ್ಲ. ಕೇಸು ಬಿದ್ದರೆ ಸ್ಕೂಲಿನ ಕೆಲಸ ಹೋಗುತ್ತದೆ, ಹೇಗಾದರೂ ಸಹಿ ಹಾಕಿಸಿ ಕರೆದುಕೊಂಡು ಹೋಗು ಎನ್ನುವುದೇ ಅವನ ಮಾತು. ಚಲುವರಾಜು ಬಾಗಿಲಲ್ಲಿ ನಿಂತು ತಮ್ಮನ ಹೆಂಡತಿಗೆ ಹೇಳಿ ನೋಡಿದ. ಅವಳು ತಲೆ ತಗ್ಗಿಸಿಕೊಂಡೇ, "ಭಾವ, ನಾವೇನು ತಪ್ಪು ಮಾಡಿದ್ದೀವಿ ಅಂತ ಬರೆದುಕೊಡಲಿ? ಯಾರಿಗೂ ಒಂದು ಕಲ್ಲು ಹೊಡೆದಿಲ್ಲ, ಒಂದು ಮಾತು ಬೈದಿಲ್ಲ. ಕೂತಿದ್ವಿ ಅಷ್ಟೇ" ಎಂದಳು. ಅವನು ಸಬ್ ಇನ್‌ಸ್ಪೆಕ್ಟರ ಮೇಜಿನ ಕಡೆಗೆ ಹೋದ.

ಸಬ್ ಇನ್‌ಸ್ಪೆಕ್ಟರು ಗಡಿಯಾರ ನೋಡಿದರು. ಬೆಳಗಿನಿಂದ ನಿಂತು ನಿಂತು ಸೋತಿದ್ದ ಮನುಷ್ಯ. ಹೊತ್ತು ಮುಳುಗಿದ ಮೇಲೆ ಹೆಂಗಸರನ್ನು ಇಟ್ಟುಕೊಂಡರೆ ನಾಳೆ ತಾವೇ ಉತ್ತರ ಹೇಳಬೇಕಾಗುತ್ತದೆಂಬ ಅಳುಕು ಮುಖದಲ್ಲಿತ್ತು.

"ಆಯಮ್ಮ ಹಾಕದಿದ್ರೆ ಬೇಡ" ಎಂದರು. "ಮನೆ ಹಿರಿಯರು ಯಾರಾದ್ರೂ ಜವಾಬ್ದಾರಿ ಹೊತ್ತು ಸಹಿ ಹಾಕಿ ಕರ್ಕೊಂಡು ಹೋಗಿ. ನೀವಾದ್ರೂ ಸರಿ, ನಿಮ್ಮ ಮನೆಯವರಾದ್ರೂ ಸರಿ."

ಚಲುವರಾಜು ಹೆಂಡತಿಯ ಕಡೆಗೆ ತಿರುಗಿದ. "ನೀನಾಕು ಸೋಮಿ. ಎಣ್ಮಕ್ಳು ಎಣ್ಮಕ್ಳು ಸರಿಹೋಯ್ತದೆ. ನಾ ಆಕುದ್ರೆ ಚೆಂದಾಗಿರಲ್ಲ."

ಪೆನ್ನು ಸೋಮಮ್ಮನ ಕೈಗೆ ಬಂತು.

ಅವಳು ಒಳಗೆ ನೋಡಿದಳು. ರಮ್ಯ ಗೋಡೆಗೆ ಒರಗಿ ಕುಳಿತಿದ್ದಳು. ಬೆಳಗಿನ ಹೊಳಪು ಮುಖದಲ್ಲಿರಲಿಲ್ಲ. ಅವಳು ಸೋಮಮ್ಮನನ್ನೇ ನೋಡುತ್ತಿದ್ದಳು, ಬೇಡ ಎಂದು ಹೇಳಲಿಲ್ಲ. ಹೇಳುವ ಹಕ್ಕು ತನಗಿಲ್ಲ ಎನ್ನುವಂತೆ ಕುಳಿತಿದ್ದಳು. ಒಂದು ಸಹಿ ಸಾಕಿತ್ತು. ಅದನ್ನು ಹಾಕಿದ್ದರೆ, ಶಾಲೆ ತಪ್ಪಿಸಿ ಸಿಕ್ಕಿಬಿದ್ದ ಹುಡುಗಿಯಂತೆ ರಮ್ಯ ತಲೆ ತಗ್ಗಿಸಿ ಅವಳ ಹಿಂದೆ ನಡೆದು ಬರುತ್ತಿದ್ದಳು. ನಾಲ್ಕು ಜನ ಎತ್ತಿದವಳನ್ನು ಬಿಡಿಸಿಕೊಂಡು ಬಂದದ್ದು ಸೋಮಮ್ಮ ಎಂದು ಮರಿಸ್ವಾಮಿ ಡೇರಿಯಲ್ಲಿ ಹೇಳುತ್ತಿದ್ದ. ಸ್ನೇಹ ಆ ವಿಡಿಯೋವನ್ನು ಸ್ಟೇಟಸ್‌ನಿಂದ ತೆಗೆದುಬಿಡುತ್ತಿದ್ದಳು. ಇದೆಲ್ಲ ಒಂದು ಗಳಿಗೆಯಲ್ಲಿ ಸೋಮಮ್ಮನ ಮನಸ್ಸಿನಲ್ಲಿ ಹಾದುಹೋಯಿತು. ಅದು ಎಷ್ಟು ಸಿಹಿಯಾಗಿತ್ತೆಂದರೆ ಅವಳಿಗೆ ತನ್ನ ಮೇಲೇ ಭಯವಾಯಿತು.

"ಏನ್ ಬರ್ದೀರಿ ಇದ್ರಲ್ಲಿ? ಓದಿ ಸಾ" ಎಂದಳು.

"ಓದೋದೇನಮ್ಮ, ಎಲ್ಲರಿಗೂ ಒಂದೇ ಥರ."

"ಓದಿ. ನಂಗೆ ಕನ್ನಡ್ಕ ಇಲ್ಲ."

ಅವರು ಬೇಸರದಿಂದ ಕಾಗದ ಎತ್ತಿಕೊಂಡು ಗಡಗಡ ಓದಿದರು. "ಬೋರೆಕೊಪ್ಪಲು ಗ್ರಾಮದ ರಮ್ಯ ಕೋಂ ಧರ್ಮೇಂದ್ರ ಎಂಬುವರು ತಾವೇ ಪ್ರಾರಂಭಿಸಿ, ಗ್ರಾಮದ ಮುಗ್ಧ ಮಹಿಳೆಯರನ್ನು ಪ್ರಚೋದಿಸಿ, ರಸ್ತೆಗೆ ಅಡ್ಡಲಾಗಿ ಅಕ್ರಮ ಕೂಟ ನಡೆಸುತ್ತಿದ್ದು, ಇನ್ನು ಮುಂದೆ ಸದರಿ ಸ್ಥಳದಲ್ಲಾಗಲೀ ಬೇರೆಲ್ಲೇ ಆಗಲೀ ಕೂರುವುದಿಲ್ಲವೆಂದು..."

"ನಿಲ್ಸಿ" ಎಂದಳು ಸೋಮಮ್ಮ. "ಯಾರು ಪ್ರಾರಂಭ ಮಾಡುದ್ದು ಅಂತ ಬರ್ದೀರಿ?"

"ರಮ್ಯ ಕೋಂ ಧರ್ಮೇಂದ್ರ."

"ಮುಗ್ಧ ಅಂದ್ರೆ?"

"ಏನೂ ತಿಳೀದೋರು ಅಂತಮ್ಮ. ನಿಮ್ಮಂಥವರಿಗೆ ಒಳ್ಳೇದಾಗ್ಲಿ ಅಂತಾನೇ ಹಾಗೆ ಬರೆದಿರೋದು."

ಸೋಮಮ್ಮ ಕೂಗಲಿಲ್ಲ. ಪೆನ್ನನ್ನು ಕಾಗದದ ಪಕ್ಕದಲ್ಲಿ ಮೆಲ್ಲಗೆ ಇಟ್ಟಳು.

"ಸುಳ್ಳು ಸಾ ಇದು. ಇವ್ಳು ನಮ್ಮೂರ್ಗೆ ಸೊಸೆಯಾಗಿ ಬರಾಕ್ ಮುಂಚೇನೇ ಟಿಪ್ಪರ್ ಮುಂದೆ ಕುಂತಿದ್ದೋಳು ನಾನು. ಒಬ್ಳೇ ಕುಂತಿದ್ದೆ. ಬೇಕಾದ್ರೆ ಇವ್ರುನ್ನ ಕೇಳಿ, ರಟ್ಟೆ ಇಡ್ದು ಎಳ್ಕೊಂಡೋದೋರು ಇವ್ರೇ." ಅವಳು ಗಂಡನ ಕಡೆ ಕೈ ತೋರಿಸಿದಳು. ಚಲುವರಾಜು ಬೇರೆ ಕಡೆ ನೋಡಿದ. "ನನ್ನ ಯಾರೂ ಎತ್ತಿಕಟ್ಲಿಲ್ಲ. ನಮ್ಮ ದಾರೀಲಿ ನಾವು ಕುಂತ್ಕಳಾಕೆ ಯಾರ್ದಾರಾ ಅಪ್ಪಣೆ ಬೇಕಾ?"

"ಹೌದು ಸರ್, ಶುರು ಮಾಡಿದ್ದು ಅಕ್ಕನೇ" ಎಂದಳು ರಮ್ಯ ಒಳಗಿನಿಂದ.

"ನೀ ಸುಮ್ಕಿರು" ಎಂದಳು ಸೋಮಮ್ಮ ತಿರುಗದೆ. "ನಾನೇ ಯೋಳ್ತಾ ಇವ್ನಲ್ಲ. ಸಾ, ಬರ್ಕಳಿ. ಸೋಮಮ್ಮ ಕೋಂ ಚಲುವರಾಜು. ಮೊದುಲ್ನೇ ಎಸ್ರು ಅದೇ ಇರ್ಬೇಕು."

"ನೋಡಮ್ಮ, ನಿಮ್ಮನ್ನ ನಾವು ಕರ್ಕೊಂಡೇ ಬಂದಿಲ್ಲ. ನಿಮ್ಮ ಮೇಲೆ ಏನೂ ಇಲ್ಲ. ಸುಮ್ನೆ ಮೈಮೇಲೆ ಎಳ್ಕೋಬೇಡಿ."

"ಕರ್ಕೊಂಡ್ ಬರ್ದಿದ್ರೆ ಏನಾಯ್ತು, ನಾನೇ ಬಂದಿವ್ನಲ್ಲ."

"ಲೇ ಸೋಮಿ, ತಲೆ ಕೆಟ್ಟೈತಾ ನಿಂಗೆ?" ಎಂದ ಚಲುವರಾಜು ಮೆತ್ತಗೆ. ಅವನ ಕೈ ಅವಳ ರಟ್ಟೆಯವರೆಗೆ ಬಂತು. ಪೊಲೀಸರೆಲ್ಲ ನೋಡುತ್ತಿದ್ದರು. ಕೈ ಹಿಂದಕ್ಕೆ ಹೋಯಿತು.

ಸೋಮಮ್ಮ ಒಳಗೆ ಹೋಗಿ ಜಮಖಾನದ ಮೇಲೆ ಕುಳಿತಳು. ಮಂಡಿ ಮಡಿಸುವಾಗ ನೋವಾಯಿತು, ತೋರಿಸಿಕೊಳ್ಳಲಿಲ್ಲ. ಪಾರ್ವತಮ್ಮ ಜಾಗ ಬಿಟ್ಟಳು. ಬಾಗಿಲಲ್ಲಿದ್ದ ದಪ್ಪ ಕಾನ್‌ಸ್ಟೇಬಲ್ ಮುಖ ಆಚೆ ತಿರುಗಿಸಿ ನಗು ನುಂಗಿಕೊಂಡಳು.

ಸಬ್ ಇನ್‌ಸ್ಪೆಕ್ಟರು ಅಂಗಳಕ್ಕೆ ಹೋಗಿ ಯಾರಿಗೋ ಫೋನು ಮಾಡಿದರು. ಬಹಳ ಹೊತ್ತು ಮಾತಾಡಿದರು. ನಡುವೆ "ಇಲ್ಲ ಸರ್, ಈಗ ಮೂರು ಜನ ಆದ್ರು ಸರ್" ಎಂದದ್ದು ಒಳಗಿನವರಿಗೂ ಕೇಳಿಸಿತು. ವಾಪಸು ಬಂದು ಮುಚ್ಚಳಿಕೆಯ ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಮೂವರ ಹೆಸರು, ಊರು ಬರೆದುಕೊಂಡರು. "ಹೋಗಿ. ಕರೆದಾಗ ಬರಬೇಕು. ಕೇಸು ಆಗುತ್ತೋ ಬಿಡುತ್ತೋ ನನ್ನ ಕೈಲಿಲ್ಲ" ಎಂದರು. ಯಾರೂ ಯಾವುದಕ್ಕೂ ಸಹಿ ಹಾಕಲಿಲ್ಲ. ಹೊರಡುವಾಗ ಸೋಮಮ್ಮ ಬಗ್ಗಿ ನೋಡಿದಳು. ಕನ್ನಡಕವಿಲ್ಲದೆಯೂ ಅಷ್ಟು ಕಾಣುತ್ತಿತ್ತು. ರಮ್ಯಳ ಹೆಸರು ಮೇಲಿತ್ತು. ಅವಳದು ಕೊನೆಯಲ್ಲಿತ್ತು.

ಚಲುವರಾಜು ಖಾಲಿ ಪಾತ್ರೆಗಳನ್ನು ಬೈಕಿಗೆ ಕಟ್ಟಿಕೊಂಡು ಮುಂದೆ ಹೋದ. ಮೂವರೂ ಬಸ್ಸು ಹತ್ತಿದರು. ಪಾರ್ವತಮ್ಮನಿಗೆ ಮುಂದೆ ಸೀಟು ಸಿಕ್ಕಿತು, ಇವರಿಬ್ಬರಿಗೆ ಹಿಂದೆ. ಬಸ್ಸು ಹೊರಟ ಕೂಡಲೇ ಸ್ನೇಹಳ ಫೋನು ಬಂತು, ರಮ್ಯಳಿಗೆ.

"ನಿಮ್ಮಮ್ಮ ಏನು ಮಾಡಿದ್ರು ಗೊತ್ತಾ ಸ್ನೇಹ?" ಎಂದು ರಮ್ಯ ಶುರು ಮಾಡಿದಳು. ಪೆನ್ನು ಮೇಜಿನ ಮೇಲಿಟ್ಟದ್ದು, ಮೊದಲನೇ ಹೆಸರು ನನ್ನದೇ ಇರಬೇಕು ಎಂದದ್ದು, ಸಬ್ ಇನ್‌ಸ್ಪೆಕ್ಟರ ಮುಖ ಹೇಗಾಯಿತು ಎನ್ನುವುದು, ಒಂದನ್ನೂ ಬಿಡದೆ ಹೇಳಿದಳು. ಮುಂದಿನ ಸೀಟಿನವರು ತಿರುಗಿ ತಿರುಗಿ ನೋಡಿದರು. ಅವಳ ಬಾಯಲ್ಲಿ ಅದು ನಡೆದದ್ದಕ್ಕಿಂತ ಚೆಂದವಾಗಿ ಕೇಳುತ್ತಿತ್ತು. ತಾನು ಹೇಳಿದ್ದರೆ ಎರಡು ಮಾತಿಗೆ ಮುಗಿದುಹೋಗುತ್ತಿತ್ತು ಎಂದು ಸೋಮಮ್ಮನಿಗೆ ಗೊತ್ತಿತ್ತು. ಕಿಟಕಿಯ ಕಡೆ ಮುಖ ಮಾಡಿ ಎಲ್ಲವನ್ನೂ ಕೇಳಿಸಿಕೊಂಡಳು.

"ಅಕ್ಕ, ಮಾತಾಡ್ತೀರಾ?" ರಮ್ಯ ಫೋನು ಚಾಚಿದಳು.

"ಮನೇಗ್ ಓದ್ಮೇಲೆ ಮಾತಾಡ್ತೀನಿ ಬುಡು."

ನಾಲೆಯ ಏರಿ ದಾಟುವಷ್ಟರಲ್ಲಿ ರಮ್ಯಳಿಗೆ ನಿದ್ದೆ ಹತ್ತಿತು. ತಲೆ ವಾಲಿ ವಾಲಿ ಕೊನೆಗೆ ಸೋಮಮ್ಮನ ಹೆಗಲಿಗೆ ಬಂದು ನಿಂತಿತು. ಸೋಮಮ್ಮ ಅಲುಗಾಡಲಿಲ್ಲ. ಬಸ್ಸು ಹಳ್ಳಕ್ಕೆ ಇಳಿದಾಗ ರಮ್ಯಳ ಸೆರಗು ಜಾರಿ, ಬಲತೋಳಿನ ಮೇಲ್ಭಾಗ ಬಸ್ಸಿನ ದೀಪಕ್ಕೆ ಕಾಣಿಸಿತು. ಎತ್ತುವಾಗ ಹಿಡಿದವರ ಬೆರಳು ಒಂದೊಂದೂ ಎಣಿಸುವಂತೆ ನೀಲಿಗಟ್ಟಿ ಮೂಡಿದ್ದವು. ಇಡೀ ದಿನ ಅದನ್ನು ಅವಳು ಯಾರಿಗೂ ತೋರಿಸಿರಲಿಲ್ಲ.

ಸೋಮಮ್ಮ ಆ ಗುರುತುಗಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ, ಹೆಗಲ ಮೇಲಿನ ತಲೆ ಎಚ್ಚರವಾಗದ ಹಾಗೆ, ತನ್ನ ಬಲತೋಳಿನ ಮೇಲೆ ಎಡಗೈ ಇಟ್ಟು, ಅದೇ ಜಾಗದಲ್ಲಿ, ಬೆರಳುಗಳನ್ನು ಒಮ್ಮೆ ಗಟ್ಟಿಯಾಗಿ ಒತ್ತಿ ತೆಗೆದಳು. ಬಿಳುಪಾದ ಚರ್ಮ ನೋಡನೋಡುತ್ತಿದ್ದಂತೆ ಮೊದಲಿನ ಬಣ್ಣಕ್ಕೆ ಬಂತು.